ಮದುವೆಗೂ ಬಾರದವರು, ಸಾವಿಗೂ ಬಾರದವರು

"ಒಳ್ಳೆಯ ಮನುಷ್ಯ ಕಣಪ್ಪ. ಅಂಥವರು ಮತ್ತೆ ಹುಟ್ಟಲ್ಲ. ಆದರೆ ಕೊನೇ ಸಲ ನಿಂತಾಗ ನಾನು ಅವರಿಗೆ ವೋಟು ಹಾಕಲಿಲ್ಲ."

ಹೀಗಂದಿದ್ದು ನನ್ನ ಜೊತೆ ಕೆಲಸ ಮಾಡುವ ಗೆಳೆಯನ ತಾಯಿ. ಜಾಗ, ತೈವಾನಿನ ಈಶಾನ್ಯ ಮೂಲೆಯಲ್ಲಿರುವ ಯಿಲಾನ್ ಜಿಲ್ಲೆಯ ಸಾನ್‌ಶಿಂಗ್. ಹೊರಗೆ ಜಿಟಿಜಿಟಿ ಮಳೆ. (ಯಿಲಾನ್ ಅಂದರೆ ಮಳೆ ಅಂತಲೇ ತೈವಾನಿನ ಉಳಿದವರು ತಮಾಷೆ ಮಾಡುತ್ತಾರೆ. ಹೋದಾಗಲೆಲ್ಲ ನನಗೂ ಅದೇ ಅನುಭವ.) ಆಕೆ ಕುಳ್ಳ ಸ್ಟೂಲಿನ ಮೇಲೆ ಕೂತು ಈರುಳ್ಳಿ ಸೊಪ್ಪು ಹಸನು ಮಾಡುತ್ತಿದ್ದರು. ಬೇರು ಕಿತ್ತು, ಹೊರಗಿನ ಸಿಪ್ಪೆ ಸುಲಿದು, ಬೆಳ್ಳನೆ ಕಾಂಡಗಳನ್ನು ಒಂದೇ ಸಮ ಜೋಡಿಸುವುದು. ಸಾನ್‌ಶಿಂಗ್ ಈರುಳ್ಳಿ ಸೊಪ್ಪು ತೈವಾನಿಗೆಲ್ಲ ಹೆಸರುವಾಸಿ. ಬಿಳಿ ಭಾಗ ಉದ್ದ ಇದ್ದಷ್ಟೂ ಮಾಲು ಒಳ್ಳೆಯದು ಅಂತ ಲೆಕ್ಕ. ನಾವು ಬೆಳಿಗ್ಗೆ ಅದೇ ಊರಿನಲ್ಲಿರುವ ಸ್ಮಾರಕ ಭವನಕ್ಕೆ ಹೋಗಿಬಂದಿದ್ದೆವು. ಚೆನ್ ಡಿಂಗ್-ನಾನ್ ಅವರ ಸ್ಮಾರಕ. ಊರಿನ ಮಗ, ಎಂಟು ವರ್ಷ ಜಿಲ್ಲೆಯನ್ನು ಆಳಿದವರು, ಆಮೇಲೆ ದೇಶದ ಕಾನೂನು ಮಂತ್ರಿಯಾದವರು. ಹೇಗಿತ್ತು ಅಂತ ಆಕೆ ಕೇಳಿದರು. ಚೆನ್ನಾಗಿತ್ತು, ದೊಡ್ಡ ವ್ಯಕ್ತಿ ಅಲ್ವಾ ಅಂದೆ. ಅದಕ್ಕೆ ಬಂದ ಉತ್ತರ ಮೇಲಿನದು.

ಆಕೆ ಮಾತಾಡುವುದು ತೈವಾನಿ ಹೊಕ್ಕಿಯೆನ್. ನನಗೆ ಬರುವುದು ಮುರುಕು ಮ್ಯಾಂಡರಿನ್. ಮಧ್ಯೆ ಗೆಳೆಯ ಅನುವಾದ ಮಾಡುತ್ತಿದ್ದ. ಯಾಕೆ ವೋಟು ಹಾಕಲಿಲ್ಲ ಅಂತ ಕೇಳಿಸಿದೆ. ಆಕೆ ಕೈ ನಿಲ್ಲಿಸದೆ ಹೇಳಿದರು: "ಅವರು ಯಾರ ಮನೆ ಮದುವೆಗೂ ಬರುತ್ತಿರಲಿಲ್ಲ, ಯಾರ ಮನೆ ಸಾವಿಗೂ ಬರುತ್ತಿರಲಿಲ್ಲ. ನಮ್ಮ ಮನೆ ಅಂತಲ್ಲ, ಯಾರ ಮನೆಗೂ." ಹೇಳಿ, ಸುಮ್ಮನೆ ನಕ್ಕರು. ದೂರೋ ಹೊಗಳಿಕೆಯೋ ನನಗೆ ತಿಳಿಯಲಿಲ್ಲ. ಆವತ್ತಿನಿಂದ ಈ ಮಾತು ತಲೆಯಲ್ಲಿ ಕೊರೆಯುತ್ತಲೇ ಇದೆ. ಇಷ್ಟು ಮೆಚ್ಚುವ ಮನುಷ್ಯನನ್ನು ಊರು ಯಾಕೆ ಸೋಲಿಸುತ್ತದೆ? ಅದಕ್ಕೇ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ.

ಪಕ್ಷವಿಲ್ಲದ ಅಭ್ಯರ್ಥಿ

ಚೆನ್ ಹುಟ್ಟಿದ್ದು 1943ರಲ್ಲಿ, ತೈವಾನ್ ಇನ್ನೂ ಜಪಾನಿನ ಕೈಯಲ್ಲಿದ್ದಾಗ. ತೈಪೆಯ ರಾಷ್ಟ್ರೀಯ ತೈವಾನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು. ಆದರೆ ವಕೀಲರೂ ಆಗಲಿಲ್ಲ, ಜಡ್ಜೂ ಆಗಲಿಲ್ಲ. ಕಂಪನಿ ಕೆಲಸ, ವ್ಯವಹಾರ ಅಂತ ತೈಪೆಯಲ್ಲೇ ಇದ್ದುಬಿಟ್ಟರು. ಮೂವತ್ತು ದಾಟಿದ ಮೇಲೂ ರಾಜಕೀಯದ ಸುಳಿವಿಲ್ಲ.

ಆ ಕಾಲದ ತೈವಾನಿನಲ್ಲಿ ರಾಜಕೀಯ ಅಂದರೆ ಆಳುವ ಪಕ್ಷವಾದ ಕುವೊಮಿಂತಾಂಗ್ ಒಂದೇ. 1949ರಿಂದ ಮಾರ್ಷಲ್ ಲಾ. ಬೇರೆ ಪಕ್ಷ ಕಟ್ಟುವ ಹಾಗಿಲ್ಲ. ವಿರೋಧಿಗಳಿಗೆ ಇದ್ದ ಗುರುತು ಒಂದೇ, 'ಪಕ್ಷದ ಹೊರಗಿನವರು'. 1979ರ ಡಿಸೆಂಬರ್ 10ರಂದು ಕಾವ್‌ಶಿಯುಂಗ್ ನಗರದಲ್ಲಿ ಮಾನವ ಹಕ್ಕುಗಳ ದಿನದ ಮೆರವಣಿಗೆ ನಡೆದು ಪೊಲೀಸರ ಜೊತೆ ಗಲಾಟೆಯಾಯಿತು. ವಿರೋಧಿ ನಾಯಕರನ್ನೆಲ್ಲ ಹಿಡಿದು ಒಳಗೆ ಹಾಕಿದರು, ಮುಖ್ಯರಾದವರನ್ನು ಮಿಲಿಟರಿ ಕೋರ್ಟಿಗೆ ನಿಲ್ಲಿಸಿದರು. ಹಾಗೆ ಒಳಗೆ ಹೋದವರಲ್ಲಿ ಒಬ್ಬರು ಯಿಲಾನ್‌ನ ಲಿನ್ ಯಿ-ಶಿಯುಂಗ್. ಅವರು ಬಂಧನದಲ್ಲಿದ್ದಾಗಲೇ, 1980ರ ಫೆಬ್ರವರಿ 28ರಂದು, ತೈಪೆಯ ಅವರ ಮನೆಗೆ ಯಾರೋ ನುಗ್ಗಿ ಅವರ ತಾಯಿಯನ್ನೂ ಪುಟ್ಟ ಅವಳಿ ಹೆಣ್ಣುಮಕ್ಕಳನ್ನೂ ಇರಿದು ಕೊಂದರು. ಕೊಂದವರು ಯಾರು ಅಂತ ಇವತ್ತಿಗೂ ಪತ್ತೆಯಾಗಿಲ್ಲ.

ಇದಾದ ಮರುವರ್ಷ, 1981ರಲ್ಲಿ, ಚೆನ್ ಊರಿಗೆ ಬಂದು ಜಿಲ್ಲಾ ಮುಖ್ಯಸ್ಥನ ಚುನಾವಣೆಗೆ ನಿಂತರು. ನಮ್ಮಲ್ಲಿ ಜಿಲ್ಲಾಧಿಕಾರಿ ಪರೀಕ್ಷೆ ಪಾಸಾಗಿ ಬರುತ್ತಾರೆ, ಅಲ್ಲಿ ಜನ ಆರಿಸುತ್ತಾರೆ. ರಸ್ತೆ, ಶಾಲೆ, ಕಟ್ಟಡದ ಲೈಸೆನ್ಸು, ಪಾರ್ಕು ಎಲ್ಲ ಅವರ ಕೈಕೆಳಗೆ. ಮೂವತ್ತು ವರ್ಷದಿಂದ ಆ ಕುರ್ಚಿ ಕುವೊಮಿಂತಾಂಗ್‌ನವರದ್ದೇ. ಪಕ್ಷವಿಲ್ಲದ, ಹೆಸರಿಲ್ಲದ ಈ ಮನುಷ್ಯ ಗೆದ್ದುಬಿಟ್ಟರು. ಲಿನ್ ಮನೆಯ ಸಾವಿನ ಸಿಟ್ಟು ಊರಿನ ಒಳಗೊಳಗೇ ಇತ್ತು ಅಂತ ನನಗನ್ನಿಸುತ್ತದೆ. ಆ ದಿನಗಳಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ಎಷ್ಟು ಜನಕ್ಕೆ ಇದ್ದೀತು? ಮತಪೆಟ್ಟಿಗೆಯ ಮುಂದೆ ಮಾತ್ರ ಯಾರೂ ನೋಡುತ್ತಿರಲಿಲ್ಲ.

ಜಿಗುಟು ಮನುಷ್ಯ

ಕುರ್ಚಿಯಲ್ಲಿ ಕೂತ ಮೇಲೆ ಅವರು ನಡೆಸಿದ ಆಡಳಿತವನ್ನು ಜನ ಇವತ್ತಿಗೂ ಎರಡು ಬಗೆಯಲ್ಲಿ ನೆನೆಯುತ್ತಾರೆ. ಒಂದು, 'ಚೆನ್ ಚಿಂಗ್‌ತ್ಯೆನ್' ಅನ್ನುವ ಅಡ್ಡಹೆಸರು. ಹಳೇ ನಾಟಕಗಳಲ್ಲಿ ಬರುವ, ಲಂಚ ಮುಟ್ಟದ ನ್ಯಾಯಾಧೀಶನಿಗೆ ಕೊಡುವ ಬಿರುದು ಅದು. ಇನ್ನೊಂದು, ಭಯಂಕರ ಜಿಗುಟು ಮನುಷ್ಯ ಅನ್ನುವ ಹೆಸರು. ಗುತ್ತಿಗೆದಾರ ಮಾಡಿದ ಕೆಲಸ ಸರಿಯಿಲ್ಲ ಅನ್ನಿಸಿದರೆ ಬಿಡುವವರಲ್ಲ. ಕಚೇರಿಯ ಕಾಗದದಲ್ಲಿ ಅಕ್ಷರ ತಪ್ಪಿದ್ದರೆ ಅದನ್ನೂ ತಿದ್ದುವವರು. ಉಡುಗೊರೆ ತೊಗೊಳ್ಳಲ್ಲ, ಊಟಕ್ಕೆ ಹೋಗಲ್ಲ, ಮದುವೆ-ತಿಥಿಗಳಿಗೆ ಮುಖ ತೋರಿಸಲ್ಲ. ತೈವಾನಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಮದುವೆಗೆ ದುಡ್ಡಿಟ್ಟ ಕೆಂಪು ಲಕೋಟೆ, ಸಾವಿಗೆ ದುಡ್ಡಿಟ್ಟ ಬಿಳಿ ಲಕೋಟೆ, ಎರಡನ್ನೂ ಹಿಡಿದು ಬೀದಿ ಬೀದಿ ತಿರುಗುವುದು ಅಲ್ಲಿನ ರಾಜಕಾರಣಿಯ ಅರ್ಧ ಕೆಲಸ. ಸತ್ತವರ ಮನೆಯ ಶಾಮಿಯಾನದಲ್ಲಿ ಯಾವ ನಾಯಕನ ಹೂಮಾಲೆ ಎಲ್ಲಿ ಇಟ್ಟಿದ್ದಾರೆ ಅನ್ನುವುದನ್ನೂ ಜನ ಗಮನಿಸುತ್ತಾರೆ.

ಚೆನ್ ಇದೆಲ್ಲ ಬೇಡ ಅಂದರು. ಅವರ ತರ್ಕ ನೇರ. ಜಿಲ್ಲೆಯ ಮುಖ್ಯಸ್ಥ ಸಂಜೆಯಿಡೀ ಸಮಾರಂಭಗಳಲ್ಲಿ ಕೂತರೆ ಕಡತ ನೋಡುವವರು ಯಾರು? ಅಷ್ಟು ಲಕೋಟೆಗಳಿಗೆ ದುಡ್ಡು ಎಲ್ಲಿಂದ ಬರಬೇಕು? ಸಂಬಳದಿಂದ ಆಗುವ ಮಾತಲ್ಲ. ಅಲ್ಲಿಂದಲೇ ಗುತ್ತಿಗೆದಾರನ ಹಂಗು ಶುರುವಾಗುತ್ತದೆ. ಯೋಚಿಸಿದರೆ ಸರಿಯೇ. ಆದರೆ ಸರಿ ಅನ್ನಿಸುವುದು ಬೇರೆ, ಅಪ್ಪ ತೀರಿಕೊಂಡ ದಿನ ಬಾಗಿಲಲ್ಲಿ ಯಾರು ಬಂದು ನಿಂತರು ಅನ್ನುವುದು ಬೇರೆ.

ಅವರಲ್ಲಿ ಇನ್ನೊಂದು ಬಗೆಯ ಧೈರ್ಯವೂ ಇತ್ತು. ಆಗೆಲ್ಲ ಸಿನಿಮಾ ಶುರುವಾಗುವ ಮುಂಚೆ ರಾಷ್ಟ್ರಗೀತೆಗೆ ಎದ್ದು ನಿಲ್ಲಬೇಕಿತ್ತು. ಯಿಲಾನ್‌ನ ಟಾಕೀಸುಗಳಲ್ಲಿ ಅದನ್ನು ನಿಲ್ಲಿಸಿದರು. ಶಾಲೆ, ಕಚೇರಿಗಳಲ್ಲಿ ಕುವೊಮಿಂತಾಂಗ್ ನಾಯಕ ಚಿಯಾಂಗ್ ಕೈ-ಶೆಕ್ ಚಿತ್ರಪಟ ತೂಗುಹಾಕುವ ಕಟ್ಟಳೆ ಬೇಡ ಅಂದರು. ಇದಕ್ಕಿಂತ ದೊಡ್ಡದು ಫೈಲುಗಳ ಕಥೆ. ಪ್ರತಿ ಸರ್ಕಾರಿ ಕಚೇರಿಯಲ್ಲೂ, ಶಾಲೆಯಲ್ಲೂ ನೌಕರರ ನಿಷ್ಠೆಯ ಮೇಲೆ ಕಣ್ಣಿಡಲು ಒಂದು ವಿಭಾಗ ಇರುತ್ತಿತ್ತು. ಯಾರು ಏನು ಮಾತಾಡಿದರು, ಯಾರ ಮನೆಗೆ ಯಾರು ಬಂದರು ಅಂತ ಬರೆದಿಡುವುದು ಅದರ ಕೆಲಸ. ತಮ್ಮ ಜಿಲ್ಲೆಯಲ್ಲಿ ಕೂಡಿಬಿದ್ದಿದ್ದ ಆ ಕಾಗದಗಳನ್ನು ಚೆನ್ ಸುಡಿಸಿದರು. ಗೆಳೆಯನ ಚಿಕ್ಕಪ್ಪ ಒಬ್ಬರು ಮೇಷ್ಟರಾಗಿದ್ದರಂತೆ. ತನ್ನ ಬಗ್ಗೆ ಅದರಲ್ಲಿ ಏನು ಬರೆದಿತ್ತು, ಬರೆದವರು ಯಾರು ಅಂತ ಅವರಿಗೆ ಕೊನೆವರೆಗೂ ಕುತೂಹಲ ಇತ್ತಂತೆ. ಸುಟ್ಟಿದ್ದು ಒಳ್ಳೆಯದಾಯಿತು ಅಂತಲೂ ಹೇಳುತ್ತಿದ್ದರಂತೆ. ಬರೆದವರು ಪಕ್ಕದ ಸ್ಟಾಫ್ ರೂಮಿನವರೇ ಆಗಿದ್ದರೆ?

ಭಾನುವಾರದ ಟಿವಿ

ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾಗುವುದು 1987ರ ಡಿಸೆಂಬರ್ 13, ಭಾನುವಾರ.

ಹಿನ್ನೆಲೆ ಇಷ್ಟು. ಫಾರ್ಮೋಸಾ ಪ್ಲಾಸ್ಟಿಕ್ಸ್‌ನ ಯಜಮಾನ ವಾಂಗ್ ಯುಂಗ್-ಚಿಂಗ್ ಅವರಿಗೆ ನಾಫ್ತಾ ಕ್ರ್ಯಾಕರ್ ಕಟ್ಟಬೇಕಿತ್ತು. ಕಚ್ಚಾತೈಲದಿಂದ ಸಿಗುವ ನಾಫ್ತಾವನ್ನು ವಿಪರೀತ ಬಿಸಿಯಲ್ಲಿ ಒಡೆದು ಎಥಿಲೀನ್ ಮುಂತಾದವನ್ನು ತೆಗೆಯುವ ಕಾರ್ಖಾನೆ. ಪ್ಲಾಸ್ಟಿಕ್ ಉದ್ಯಮಕ್ಕೆಲ್ಲ ಅದೇ ಬೇರು. ದೇಶದ ಮೊದಲ ಐದು ಕ್ರ್ಯಾಕರ್‌ಗಳು ಸರ್ಕಾರಿ ಕಂಪನಿಯವು. ಆರನೆಯದು ಮೊದಲ ಖಾಸಗಿಯದು ಆಗಬೇಕಿತ್ತು. ಸರ್ಕಾರ 1986ರಲ್ಲಿ ಒಪ್ಪಿಗೆ ಕೊಟ್ಟಿತು. ಆರಿಸಿಕೊಂಡ ಜಾಗ ಯಿಲಾನ್‌ನ ಸಮುದ್ರದಂಡೆಯ ಲೀಜೆ. ಲಿನ್ ಯಿ-ಶಿಯುಂಗ್ ಅವರ ಊರಿನ ಸೀಮೆಯೇ ಅದು.

ವಾಂಗ್ ಸಾಮಾನ್ಯ ವ್ಯಕ್ತಿಯಲ್ಲ. ಪ್ರಾಥಮಿಕ ಶಾಲೆ ಮುಗಿಸಿ, ಹದಿಹರೆಯದಲ್ಲೇ ಅಕ್ಕಿ ಅಂಗಡಿ ಇಟ್ಟು, ಅಲ್ಲಿಂದ ಮೇಲೆ ಬಂದು ದೇಶದ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದವರು. ಅವರನ್ನು 'ಆಡಳಿತದ ದೇವರು' ಅಂತಲೇ ಪತ್ರಿಕೆಗಳು ಕರೆಯುತ್ತಿದ್ದವು. ಅಂಥವರಿಗೆ ಒಂದು ಚಿಕ್ಕ ಬಡ ಜಿಲ್ಲೆಯ ಮುಖ್ಯಸ್ಥ ಆಗಲ್ಲ ಅಂದುಬಿಟ್ಟರು. ಎಂಟು ವರ್ಷ ಮುಂಚೆ ಆಗಿದ್ದರೆ ಈ ಮನುಷ್ಯ ಜೈಲಿನಲ್ಲಿರುತ್ತಿದ್ದರು. ಆದರೆ 1987ರ ಜುಲೈ 15ಕ್ಕೆ ಮಾರ್ಷಲ್ ಲಾ ಎತ್ತಿದ್ದರು. ಅದೇ ವರ್ಷ ಲುಕಾಂಗ್ ಪಟ್ಟಣದವರು ಡುಪಾಂಟ್ ಕಂಪನಿಯ ಕಾರ್ಖಾನೆಯನ್ನು ಓಡಿಸಿದ್ದರು. ಕಾವ್‌ಶಿಯುಂಗ್‌ನ ಹೌಚಿನ್‌ನಲ್ಲಿ ಐದನೇ ಕ್ರ್ಯಾಕರ್ ವಿರುದ್ಧ ಜನ ಗೇಟಿನ ಮುಂದೆ ಕೂತಿದ್ದರು. ಗಾಳಿ ಬದಲಾಗಿತ್ತು.

ಆ ಭಾನುವಾರ ಇಬ್ಬರೂ ಟಿವಿಯಲ್ಲಿ ಎದುರುಬದುರು ಕೂತರು. ವಯಸ್ಸಿನಲ್ಲಿ ತಂದೆಯಷ್ಟು ಹಿರಿಯರಾದ ಕೋಟ್ಯಧೀಶ ಒಂದು ಕಡೆ, ನಲವತ್ತು ದಾಟಿದ ಜಿಲ್ಲಾ ಮುಖ್ಯಸ್ಥ ಇನ್ನೊಂದು ಕಡೆ. ಗೆಳೆಯನ ತಾಯಿಗೆ ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರ ಮನೆಯಲ್ಲಿ ಟಿವಿ ಇತ್ತು, ಎದುರು ಮನೆಯದು ಕೆಟ್ಟಿತ್ತು, ಹಾಗಾಗಿ ಆ ಮನೆಯವರೆಲ್ಲ ಇಲ್ಲೇ. ಗೆಳೆಯ ಆಗ ಸಣ್ಣ ಹುಡುಗ, ನೆಲದ ಮೇಲೆ ಮಲಗಿಬಿಟ್ಟಿದ್ದನಂತೆ. ವಾಂಗ್ ಕಡೆಯ ಮಾತು, ಒಳ್ಳೆಯ ಯಂತ್ರ ತಂದರೆ ಹೊಗೆ, ಕೊಳಕು ಎಲ್ಲ ಹತೋಟಿಯಲ್ಲಿರುತ್ತದೆ, ಕೆಲಸ ಸಿಗುತ್ತದೆ ಅಂತ. ಚೆನ್ ಕಡೆಯ ಮಾತು ನೆಲದ ಆಕಾರದ್ದು. ಯಿಲಾನ್‌ನ ಲಾನ್ಯಾಂಗ್ ಬಯಲಿಗೆ ಮೂರು ಕಡೆ ಬೆಟ್ಟ, ಒಂದು ಕಡೆ ಸಮುದ್ರ. ಸಮುದ್ರದ ಗಾಳಿ ಹೊಗೆಯನ್ನು ಒಳಕ್ಕೆ ತಳ್ಳುತ್ತದೆ, ಬೆಟ್ಟ ಅದನ್ನು ಹೊರಕ್ಕೆ ಬಿಡಲ್ಲ. ಯಿಲಾನ್ ನೀರು, ಗಾಳಿ, ಹಸಿರನ್ನು ನಂಬಿಕೊಂಡೇ ಬದುಕಬಹುದು ಅನ್ನುವುದು ಅವರ ಹಟ.

"ನಮ್ಮ ಯಜಮಾನರಿಗೆ ಕಾರ್ಖಾನೆ ಬರಲಿ ಅಂತಲೇ ಇತ್ತು," ಅಂದರು ತಾಯಿ. ದೊಡ್ಡ ಮಗ ಆಗಲೇ ಕೆಲಸ ಹುಡುಕಿಕೊಂಡು ತೈಪೆಗೆ ಹೋಗಿದ್ದ. ಬೆಟ್ಟದ ಮೇಲಿನ ಸುತ್ತುಬಳಸಿನ ರಸ್ತೆಯಲ್ಲಿ ಅವನು ಹಬ್ಬಕ್ಕೆ ಬಂದುಹೋಗುವುದೇ ಒಂದು ಶಿಕ್ಷೆ. ಲೀಜೆಯಲ್ಲಿ ಕಾರ್ಖಾನೆ ಆಗಿದ್ದರೆ ಮಗ ಮನೆಯಿಂದಲೇ ಕೆಲಸಕ್ಕೆ ಹೋಗಬಹುದಿತ್ತು ಅನ್ನುವುದು ಅಪ್ಪನ ಆಸೆ. ಆವತ್ತು ಟಿವಿ ನೋಡುತ್ತಾ ಅವರು ಚೆನ್ ಮಾತಿಗೆ ತಲೆದೂಗುತ್ತಲೇ, "ಇವರಿಗೇನು, ಇವರಿಗೆ ಸಂಬಳ ಬರುತ್ತೆ" ಅಂತ ಗೊಣಗಿದರಂತೆ. ಊರಿನ ಪರಿಸರ ಹೋರಾಟದ ಬಗ್ಗೆ ಬರೆಯುವವರು ಈ ಗೊಣಗಾಟವನ್ನು ಜಾಸ್ತಿ ಬರೆಯುವುದಿಲ್ಲ. ಆದರೆ ನನಗೆ ಆ ಕಥೆಯ ತಿರುಳು ಇಲ್ಲೇ ಇದೆ ಅನ್ನಿಸುತ್ತದೆ. ಆ ಕೋಣೆಯಲ್ಲಿ ಯಾರೂ ದಡ್ಡರಾಗಿರಲಿಲ್ಲ, ಯಾರೂ ದುರಾಸೆಯವರೂ ಆಗಿರಲಿಲ್ಲ. ಒಬ್ಬ ಅಪ್ಪನಿಗೆ ಮಗ ಹತ್ತಿರ ಇರಬೇಕಿತ್ತು, ಅಷ್ಟೇ.

ವಾಂಗ್ 1988ರಲ್ಲಿ ಯಿಲಾನ್ ಬಿಟ್ಟು ಹೊರಟರು. ಕೆಲ ವರ್ಷ ಬಿಟ್ಟು ಮತ್ತೆ ಬಂದರು. ಅಷ್ಟೊತ್ತಿಗೆ ಕುರ್ಚಿಯಲ್ಲಿ ಯು ಶಿ-ಕುನ್ ಇದ್ದರು. ಅವರೂ ಬೇಡ ಅಂದರು.

ಇಲ್ಲದಿರುವುದನ್ನು ತೋರಿಸುವುದು ಹೇಗೆ

ಕಟ್ಟಿದ್ದನ್ನು ತೋರಿಸಿ ವೋಟು ಕೇಳಬಹುದು. ಕಟ್ಟಲು ಬಿಡದೇ ಇದ್ದದ್ದನ್ನು ಹೇಗೆ ತೋರಿಸುತ್ತೀರಿ? ಇವತ್ತು ಲೀಜೆ ಕಡೆ ಹೋದರೆ ಕೈಗಾರಿಕಾ ಪ್ರದೇಶ ಇದೆ, ಆದರೆ ಕ್ರ್ಯಾಕರ್ ಇಲ್ಲ. ಅದು ಇಲ್ಲ ಅಂತ ಯಾರಿಗೂ ನೆನಪೂ ಆಗುವುದಿಲ್ಲ. ಅಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಶುದ್ಧ ಗಾಳಿ ಅನ್ನುವುದು ಯಾರೋ ಉಳಿಸಿಕೊಟ್ಟದ್ದು ಅಂತ ಅನ್ನಿಸುವುದಿಲ್ಲ. ಗಾಳಿ ಇರುವುದೇ ಹಾಗೆ ಅನ್ನಿಸುತ್ತದೆ.

ಹಾಗಂತ ಚೆನ್ ಬರೀ ಬೇಡ ಅಂದವರಲ್ಲ. ದೊಂಗ್‌ಶಾನ್ ನದಿ ಮಳೆಗಾಲದಲ್ಲಿ ಊರಿಗೆ ನುಗ್ಗುವ ಹೊಳೆಯಾಗಿತ್ತು. ಅದರ ದಂಡೆಯನ್ನು ಜನ ನೀರಿಗಿಳಿಯುವ ಜಾಗವಾಗಿ ಮಾಡಲು ಜಪಾನಿನ ವಾಸ್ತುಶಿಲ್ಪಿಗಳ ತಂಡವನ್ನು ಕರೆಸಿದರು. ಲುವೊಡೊಂಗ್ ಪಟ್ಟಣದ ಪಕ್ಕದಲ್ಲಿ 47 ಹೆಕ್ಟೇರಿನ ಕ್ರೀಡಾ ಉದ್ಯಾನಕ್ಕೆ ಅಡಿಪಾಯ ಹಾಕಿಸಿದರು. ಇಂಥವು ಮುಗಿಯುವ ಹೊತ್ತಿಗೆ ಅವರ ಅವಧಿ ಮುಗಿದು ವರ್ಷಗಳಾಗಿದ್ದವು. ಲುವೊಡೊಂಗ್ ಉದ್ಯಾನ ಪೂರ್ತಿಯಾಗಿದ್ದು 1996ರಲ್ಲಿ. ಅದೇ ವರ್ಷ ದೊಂಗ್‌ಶಾನ್ ದಂಡೆಯ ಪಾರ್ಕಿನಲ್ಲಿ ಮಕ್ಕಳ ಅಂತಾರಾಷ್ಟ್ರೀಯ ಜಾನಪದ ಉತ್ಸವ ಶುರುವಾಯಿತು. ಬೀಜ ಹಾಕಿದವರು ಒಬ್ಬರು, ರಿಬ್ಬನ್ ಕತ್ತರಿಸಿದವರು ಇನ್ನೊಬ್ಬರು.

ಆ ಪಾರ್ಕಿನಲ್ಲಿ ನಾನು ಒಂದು ಮಧ್ಯಾಹ್ನ ಕೂತಿದ್ದೆ. ಮೆಟ್ಟಿಲುಗಳು ಸೀದಾ ನೀರಿನವರೆಗೆ ಇಳಿಯುತ್ತವೆ. ಮಕ್ಕಳು ಕಿರುಚುತ್ತಾ ನೀರೆರಚುತ್ತಿದ್ದರು. ಒಬ್ಬ ಅಜ್ಜಿ ಮೊಮ್ಮಗನ ಒದ್ದೆ ಚಡ್ಡಿ ಹಿಂಡಿ ಕಲ್ಲಿನ ಮೇಲೆ ಒಣಹಾಕಿ, ಅವನನ್ನು ಹಾಗೇ ಮತ್ತೆ ನೀರಿಗೆ ಬಿಟ್ಟರು. ಮನಸ್ಸಿಗೆ ಹಿತವಾಗಿತ್ತು. ಆದರೆ ಇದಾದ ಮೇಲೆ ಒಂದು ಸಲ ಪಶ್ಚಿಮ ಕರಾವಳಿಯ 61ನೇ ನಂಬರಿನ ಹೆದ್ದಾರಿಯಲ್ಲಿ ಯುನ್‌ಲಿನ್ ಜಿಲ್ಲೆ ದಾಟಿ ಹೋಗಬೇಕಾಯಿತು. ಮೈಲಿಯಾವ್ ಅಲ್ಲೇ ಇರುವುದು. ಆರನೇ ಕ್ರ್ಯಾಕರ್ ಕೊನೆಗೆ ಹೋಗಿ ನಿಂತಿದ್ದು ಅಲ್ಲಿ. 1991ರಲ್ಲಿ ಜಾಗ ಗೊತ್ತಾಯಿತು, ಸಮುದ್ರ ತುಂಬಿಸಿ ನೆಲ ಮಾಡಿದರು, 1990ರ ದಶಕದ ಕೊನೆಗೆ ಉತ್ಪಾದನೆ ಶುರುವಾಯಿತು. ಬಯಲು ಮುಗಿದ ಕಡೆ ಚಿಮಣಿಗಳ ಸಾಲು, ಟ್ಯಾಂಕುಗಳು, ಕೊಳವೆಗಳ ಗೋಜಲು. ಕಾರು ಎಷ್ಟು ಹೊತ್ತು ಓಡಿದರೂ ಅದು ಮುಗಿಯುವುದಿಲ್ಲ. 2010ರ ಜುಲೈ ಒಂದೇ ತಿಂಗಳಲ್ಲಿ ಅಲ್ಲಿ ಎರಡು ಸಲ ದೊಡ್ಡ ಬೆಂಕಿ ಬಿದ್ದಿತ್ತು. ಹೊಲ, ಮೀನುಹೊಂಡ, ಜನರ ಆರೋಗ್ಯ ಅಂತ ಅಲ್ಲಿನವರ ಜಗಳ ಇನ್ನೂ ನಿಂತಿಲ್ಲ.

ಯುನ್‌ಲಿನ್ ಕೂಡ ಬಡ ಜಿಲ್ಲೆ. ಅಲ್ಲೂ ಮಗ ಊರಿನಲ್ಲೇ ಇರಲಿ ಅನ್ನುವ ಅಪ್ಪಂದಿರು ಇದ್ದರು. ಅಲ್ಲಿ ಕಾರ್ಖಾನೆಯನ್ನು ಕರೆದು ಬರಮಾಡಿಕೊಂಡರು. ಹಾಗಾದರೆ ಚೆನ್ ಮಾಡಿದ್ದು ಏನು? ಹೊಗೆಯನ್ನು ತಡೆದರೋ, ಪಕ್ಕದವರ ಮನೆಗೆ ಕಳಿಸಿದರೋ? ಅವರ ಅಭಿಮಾನಿಗಳಿಗೆ ಈ ಪ್ರಶ್ನೆ ಇಷ್ಟ ಆಗಲ್ಲ. ನನ್ನ ಮಟ್ಟಿಗೆ, ಒಬ್ಬ ಜಿಲ್ಲಾ ಮುಖ್ಯಸ್ಥನ ಹೊಣೆ ಅವನ ಜಿಲ್ಲೆ. ದೇಶಕ್ಕೆ ಇನ್ನೊಂದು ಕ್ರ್ಯಾಕರ್ ಬೇಕೇ, ಬೇಕಾದರೆ ಎಲ್ಲಿ, ಯಾವ ಕಟ್ಟುಪಾಡಿನಲ್ಲಿ ಅಂತ ಯೋಚಿಸಬೇಕಾದವರು ತೈಪೆಯಲ್ಲಿದ್ದರು. ಅವರು ಯೋಚಿಸಲಿಲ್ಲ. ಯಾವ ಊರು ಕಡಿಮೆ ಗಲಾಟೆ ಮಾಡುತ್ತದೆ ಅಂತ ಹುಡುಕಿದರು. ಇಷ್ಟಾದರೂ ಆ ಹೆದ್ದಾರಿಯಲ್ಲಿ ಹೋಗುವಾಗ ದೊಂಗ್‌ಶಾನ್ ಪಾರ್ಕಿನ ಹಿತ ನನಗೆ ಪೂರ್ತಿ ಉಳಿಯಲಿಲ್ಲ.

ಯಿಲಾನ್ ಕಥೆಗೂ ಇನ್ನೊಂದು ಮಗ್ಗುಲಿದೆ. 2006ರ ಜೂನ್‌ನಲ್ಲಿ ಬೆಟ್ಟ ಕೊರೆದು 12.9 ಕಿಲೋಮೀಟರಿನ ಶುಯೆಶಾನ್ ಸುರಂಗ ತೆರೆದರು. ತೈಪೆ ಹತ್ತಿರವಾಯಿತು. ಶುದ್ಧ ಗಾಳಿ ಹುಡುಕಿಕೊಂಡು ತೈಪೆಯವರು ಬಂದರು, ಗದ್ದೆಯ ನಡುವೆ ತೋಟದ ಮನೆ ಅನ್ನುವ ಹೆಸರಿನಲ್ಲಿ ಬಂಗಲೆ ಕಟ್ಟಿದರು. ಇವತ್ತು ಸಾನ್‌ಶಿಂಗ್ ಸುತ್ತ ನಾಟಿ ಮಾಡಿದ ಗದ್ದೆಗಿಂತ ಗೇಟು ಹಾಕಿದ ಮನೆಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಕಾರ್ಖಾನೆಯಿಂದ ಉಳಿಸಿದ ನೆಲವನ್ನು ವಾರಾಂತ್ಯದವರಿಂದ ಉಳಿಸುವವರು ಬರಲಿಲ್ಲ. (ಇನ್ನು ಕವಲಾನ್ ವಿಸ್ಕಿ ಗೊತ್ತಿರುವವರಿಗೆ ಒಂದು ಮಾತು: ಅದು ತಯಾರಾಗುವುದು ಇದೇ ಯಿಲಾನ್‌ನಲ್ಲಿ, ಕವಲಾನ್ ಅನ್ನುವುದು ಈ ಸೀಮೆಯ ಹಳೇ ಹೆಸರು. ಬೆಟ್ಟದ ನೀರು ಚೆನ್ನಾಗಿದೆ ಅಂತಲೇ ಅವರು ಅಲ್ಲಿಗೆ ಬಂದಿದ್ದು. ಅದಕ್ಕೂ ಚೆನ್‌ಗೂ ನೇರ ಸಂಬಂಧ ಇಲ್ಲ, ಆದರೆ ಪಕ್ಕದಲ್ಲಿ ಕ್ರ್ಯಾಕರ್ ಇದ್ದಿದ್ದರೆ ಯಾರು ಬರುತ್ತಿದ್ದರು?)

309 ಊರು ಸುತ್ತಿದವರ ಎದುರು

1989ರ ಕೊನೆಗೆ ಚೆನ್ ಸಂಸತ್ತಿಗೆ ಆರಿಸಿಬಂದರು, 1990ರಿಂದ ಹತ್ತು ವರ್ಷ ಅಲ್ಲಿದ್ದರು. ತಡವಾಗಿ, ಕುವೊಮಿಂತಾಂಗ್‌ನ ಮುಖ್ಯ ಎದುರಾಳಿಯಾದ ಡೆಮಾಕ್ರಟಿಕ್ ಪ್ರೋಗ್ರೆಸಿವ್ ಪಾರ್ಟಿ ಸೇರಿದರು. 1994ರಲ್ಲಿ ತೈವಾನ್ ಪ್ರಾಂತ್ಯದ ಗವರ್ನರ್ ಸ್ಥಾನಕ್ಕೆ ಮೊದಲ ಬಾರಿ ನೇರ ಚುನಾವಣೆ ನಡೆಯಿತು. ಮೊದಲನೆಯದೂ ಅದೇ, ಕೊನೆಯದೂ ಅದೇ. ನಾಲ್ಕು ವರ್ಷಕ್ಕೆ ಆ ಪ್ರಾಂತ್ಯ ಸರ್ಕಾರವನ್ನೇ ಮಡಚಿಟ್ಟರು. ಚೆನ್ ಎದುರಿಗಿದ್ದವರು ಕುವೊಮಿಂತಾಂಗ್‌ನ ಜೇಮ್ಸ್ ಸೂಂಗ್.

ಸೂಂಗ್ ಹುಟ್ಟಿದ್ದು ಚೀನಾದ ಹುನಾನ್‌ನಲ್ಲಿ. ಚೆನ್ ಮಣ್ಣಿನ ಮಗ. 'ನಾನೂರು ವರ್ಷದ ಮೊದಲ ಕದನ' ಅಂತ ಚೆನ್ ಕಡೆಯವರು ಘೋಷಣೆ ಕೂಗಿದರು. ಹುಟ್ಟಿದ ಊರೇ ಗೆಲ್ಲಿಸುತ್ತದೆ ಅಂದುಕೊಂಡಿದ್ದರೋ ಏನೋ. ಆದರೆ ಸೂಂಗ್ ಪ್ರಾಂತ್ಯದ 309 ಊರು-ಪಟ್ಟಣಗಳನ್ನೂ ಬಿಡದೆ ಸುತ್ತಿದ ಮನುಷ್ಯ ಅಂತ ಹೆಸರಾದವರು. ಹೋದಲ್ಲಿ ಸೇತುವೆಗೋ ಚರಂಡಿಗೋ ದುಡ್ಡು ಮಂಜೂರು ಮಾಡುವವರು. ಫಲಿತಾಂಶ ಬಂದಾಗ ಸೂಂಗ್‌ಗೆ ಶೇಕಡ 56, ಚೆನ್‌ಗೆ ಶೇಕಡ 39ರ ಹತ್ತಿರ. ನಾನು ಇದನ್ನು ಹಣ, ಅಧಿಕಾರದ ಗೆಲುವು ಅಂತಷ್ಟೇ ನೋಡಲಾರೆ. ನಿಮ್ಮ ಚರಂಡಿಯನ್ನು ಬಂದು ನೋಡಿದ ಮನುಷ್ಯ ನಿಮ್ಮನ್ನು ಲೆಕ್ಕಕ್ಕೆ ತೊಗೊಂಡಿದ್ದಾನೆ ಅಂತ ಅನ್ನಿಸುವುದು ಸುಳ್ಳಲ್ಲ. ಚೆನ್‌ಗೆ ಆ ವಿದ್ಯೆ ಒಲಿಯಲಿಲ್ಲ. ಅವರು ಚರಂಡಿಯನ್ನು ಸರಿಯಾಗಿ ಕಟ್ಟಿಸುವವರು, ಆದರೆ ಅದರ ಪಕ್ಕ ನಿಂತು ನಿಮ್ಮ ಮೊಮ್ಮಗನ ಹೆಸರು ಕೇಳುವವರಲ್ಲ.

ಮೂವತ್ತು ಡಾಲರ್

2000ದಲ್ಲಿ ಚೆನ್ ಡಿಂಗ್-ನಾನ್ ಅವರ ಪಕ್ಷದವರೇ ಆದ ಚೆನ್ ಶುಯಿ-ಬಿಯಾನ್ ದೇಶದ ಅಧ್ಯಕ್ಷರಾದರು. ಕುವೊಮಿಂತಾಂಗ್ ಮೊದಲ ಬಾರಿ ದೇಶದ ಅಧಿಕಾರ ಕಳಕೊಂಡಿತು. ಚೆನ್ ಡಿಂಗ್-ನಾನ್ ಕಾನೂನು ಮಂತ್ರಿಯಾದರು. ಕೆಲಸ ಅವರ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು: ಕಪ್ಪು ಹಣ, ರೌಡಿ ರಾಜಕಾರಣ, ವೋಟು ಕೊಳ್ಳುವುದು, ಇವುಗಳ ಬೆನ್ನು ಹತ್ತುವುದು. ಹೈಕೋರ್ಟ್ ಮಟ್ಟದ ಪ್ರಾಸಿಕ್ಯೂಟರುಗಳ ಕಚೇರಿಯ ಕೆಳಗೆ ಅದಕ್ಕಾಗಿಯೇ ಒಂದು ತನಿಖಾ ಕೇಂದ್ರ ಶುರುವಾಯಿತು. ಸ್ವತಂತ್ರವಾದ ಭ್ರಷ್ಟಾಚಾರ ನಿಗ್ರಹ ಇಲಾಖೆ ಬೇಕು ಅಂತಲೂ ಹೋರಾಡಿದರು. ಸಂಸತ್ತು ಬಿಡಲಿಲ್ಲ. ಅಂಥದ್ದೊಂದು ಬಂದಿದ್ದು 2011ರಲ್ಲಿ, ಕುವೊಮಿಂತಾಂಗ್ ಸರ್ಕಾರದ ಕಾಲದಲ್ಲಿ, ಅವರು ಸತ್ತು ಐದು ವರ್ಷ ಆಗುತ್ತಿದ್ದಾಗ. ಮರಣದಂಡನೆಯನ್ನು ಹಂತಹಂತವಾಗಿ ತೆಗೆಯುತ್ತೇವೆ ಅಂತ 2001ರಲ್ಲಿ ಹೇಳಿದರು. ಅದನ್ನು ಹೇಳಿದ ಮಂತ್ರಿಯ ಕಾಲದಲ್ಲೂ ಗುಂಡು ಹಾರುತ್ತಲೇ ಇತ್ತು. 2006ರಿಂದ 2009ರವರೆಗೆ ಮಾತ್ರ ಯಾರನ್ನೂ ಕೊಲ್ಲಲಿಲ್ಲ, ಆಮೇಲೆ ಮತ್ತೆ ಶುರುವಾಯಿತು.

ಆದರೆ ಜನರ ಬಾಯಲ್ಲಿ ಉಳಿದಿದ್ದು ಇದ್ಯಾವುದೂ ಅಲ್ಲ. ಮೂವತ್ತು ಡಾಲರ್. ಅಭ್ಯರ್ಥಿ ಹಂಚುವ ವಸ್ತು 30 ತೈವಾನ್ ಡಾಲರ್ ದಾಟಿದರೆ ಅದು ಲಂಚ ಅಂತ ಅವರ ಇಲಾಖೆ ಗೆರೆ ಎಳೆಯಿತು. ಇವತ್ತಿನ ಲೆಕ್ಕದಲ್ಲಿ ನೂರು ರೂಪಾಯಿಯೂ ಆಗಲ್ಲ. ಟೋಪಿ ಆಗುತ್ತಾ? ಎಷ್ಟರದು? ಕ್ಯಾಲೆಂಡರ್? ಊಟದ ಡಬ್ಬಿ? ಪತ್ರಿಕೆಗಳಿಗೆ ತಮಾಷೆಗೆ ವಸ್ತುವಾಯಿತು. ಇಷ್ಟು ಚಿಲ್ಲರೆ ಲೆಕ್ಕ ಹಾಕುವ ಮಂತ್ರಿಯೇ ಅಂತ ನಕ್ಕರು. ನನಗೆ ಆ ಗೆರೆ ಒಂದು ಸಣ್ಣ ಪವಾಡದ ಹಾಗೆ ಕಾಣುತ್ತದೆ. ಭ್ರಷ್ಟಾಚಾರ ತಪ್ಪು ಅಂತ ಎಲ್ಲರೂ ಭಾಷಣ ಮಾಡುತ್ತಾರೆ. ಎಷ್ಟು ರೂಪಾಯಿಯಿಂದ ತಪ್ಪು ಅಂತ ಹೇಳುವ ಜಿಗುಟುತನ ಎಷ್ಟು ಜನಕ್ಕಿದೆ?

2005ರ ಫೆಬ್ರವರಿಯಲ್ಲಿ ಮಂತ್ರಿಗಿರಿ ಮುಗಿಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಊರಿಗೆ ಬಂದು, ಹಳೇ ಕುರ್ಚಿಗೇ ಮತ್ತೆ ನಿಂತರು. ಅರವತ್ತೆರಡು ವರ್ಷ. ಆ ಹೊತ್ತಿಗೆ ಕಾವ್‌ಶಿಯುಂಗ್ ಮೆಟ್ರೊ ಕಾಮಗಾರಿಯ ಹಗರಣದಲ್ಲಿ ಅವರ ಪಕ್ಷದ ಮಾನ ಹರಾಜಾಗಿತ್ತು. ಯಿಲಾನ್‌ನಲ್ಲಿ ಕುವೊಮಿಂತಾಂಗ್ ಅಧಿಕಾರ ಕಳಕೊಂಡು 24 ವರ್ಷವಾಗಿತ್ತು. ಇಪ್ಪತ್ತನಾಲ್ಕು ವರ್ಷ ಅಂದರೆ ಅಷ್ಟೊತ್ತಿಗೆ ಯಾರು ಆಳಿದರೂ ಸಾಕಾಗಿರುತ್ತದೆ. ಯಿಲಾನ್ ನಗರದ ಮೇಯರ್ ಆಗಿದ್ದ ಲ್ಯು ಕುವೊ-ಹುವಾ ಗೆದ್ದರು. ದೇಶದಾದ್ಯಂತ 23 ಜಾಗಗಳಲ್ಲಿ ಚೆನ್ ಅವರ ಪಕ್ಷಕ್ಕೆ ಸಿಕ್ಕಿದ್ದು ಆರೇ. ಹಾಗಾಗಿ ಸೋಲಿನ ಪೂರ್ತಿ ಹೊಣೆ ಅವರ ಮೇಲೆ ಹೊರಿಸಲಾಗದು. ಆದರೆ ಮದುವೆ-ಸಾವಿನ ಲೆಕ್ಕವೂ ಎಲ್ಲೋ ಸೇರಿಕೊಂಡಿತ್ತು ಅನ್ನುವುದು ಊರಿನವರ ಮಾತು. ಅವರು ಬಂದು ಕೈಮುಗಿದು ಕೇಳಿದ ಸಹಾಯವೇ ಅವರ ಜನ್ಮದಲ್ಲಿ ಅದೊಂದು. ಊರಿನವರಿಗೆ ಅವರಿಗೆ ತೀರಿಸಬೇಕಾದ ಹಂಗು ಯಾವುದೂ ಇರಲಿಲ್ಲ. ಹಂಗಿಲ್ಲದ ಹಾಗೆ ಅವರೇ ನೋಡಿಕೊಂಡಿದ್ದರು.

ಮುಂದಿನ ವರ್ಷ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಯಿತು. 2006ರ ನವೆಂಬರ್ 3ರಂದು ದೇಶ ಬೆಚ್ಚಿಬಿದ್ದ ಸುದ್ದಿ ಬಂತು. ಅಧ್ಯಕ್ಷರ ಹೆಂಡತಿ ವು ಶು-ಚೆನ್ ಮೇಲೆ ಸರ್ಕಾರಿ ಖರ್ಚಿನ ಹಣದ ವಿಷಯದಲ್ಲಿ ಆರೋಪಪಟ್ಟಿ ಸಲ್ಲಿಕೆಯಾಗಿತ್ತು. ಸಲ್ಲಿಸಿದ ಪ್ರಾಸಿಕ್ಯೂಟರ್ ಚೆನ್ ರುಯಿ-ರೆನ್, ಆರು ವರ್ಷದ ಹಿಂದೆ ಚೆನ್ ಡಿಂಗ್-ನಾನ್ ಕಾಲದಲ್ಲಿ ಶುರುವಾಗಿದ್ದ ಅದೇ ತನಿಖಾ ಕೇಂದ್ರದವರು. ಎರಡು ದಿನ ಬಿಟ್ಟು, ನವೆಂಬರ್ 5ಕ್ಕೆ, ಚೆನ್ ತೀರಿಕೊಂಡರು. ಆ ಸುದ್ದಿ ಅವರ ಕಿವಿಗೆ ಬಿತ್ತೋ ಇಲ್ಲವೋ, ಬಿದ್ದಿದ್ದರೆ ಏನನ್ನಿಸಿತೋ. ತಾನು ಕಟ್ಟಿದ ಬಲೆ ತನ್ನ ನಾಯಕನ ಮನೆಯ ಬಾಗಿಲಿಗೇ ಬಂದಾಗ ಸಂಕಟವಾಗುತ್ತದೋ, ಕೆಲಸ ಸರಿಯಾಗಿ ಆಗಿದೆ ಅಂತ ಸಮಾಧಾನವಾಗುತ್ತದೋ? ಅವರ ಸ್ವಭಾವ ನೋಡಿದರೆ, ಮೊದಲು ಆರೋಪಪಟ್ಟಿಯಲ್ಲಿ ಅಕ್ಷರ ತಪ್ಪಿದೆಯಾ ಅಂತ ನೋಡುತ್ತಿದ್ದರು ಅಂತ ನನ್ನ ಊಹೆ.

2022ರ ನವೆಂಬರಿನಲ್ಲಿ ತೈವಾನಿನಲ್ಲೆಲ್ಲ ಸ್ಥಳೀಯ ಚುನಾವಣೆ. ಯಿಲಾನ್‌ನಲ್ಲಿ ಆಗ ಕುರ್ಚಿಯಲ್ಲಿದ್ದ ಮುಖ್ಯಸ್ಥೆಯ ಮೇಲೆ ಅದೇ ವರ್ಷ ಭ್ರಷ್ಟಾಚಾರದ ಆರೋಪಪಟ್ಟಿ ಬಿದ್ದಿತ್ತು. ಅವರು ಆರೋಪ ಒಪ್ಪಲಿಲ್ಲ. ಸತ್ಯ ಏನು ಅನ್ನುವುದು ಕೋರ್ಟಿನ ಕೆಲಸ, ನನ್ನದಲ್ಲ. ಜನರ ನಡುವೆ ಸಲೀಸಾಗಿ ಬೆರೆಯುವ ಹೆಂಗಸು ಅಂತ ಅವರಿಗೆ ಹೆಸರು. ಊರು ಅವರನ್ನು ಮತ್ತೆ ಗೆಲ್ಲಿಸಿತು. ಚೆನ್ ಅವರನ್ನು ಎರಡು ಸಲ ಗೆಲ್ಲಿಸಿದ್ದ ಅದೇ ಊರು. ಇದನ್ನು ಹೇಳಿ ಯಿಲಾನ್‌ನವರನ್ನು ಅಣಕಿಸುವ ಇರಾದೆ ನನಗಿಲ್ಲ. ಗೆಳೆಯನೂ ಈ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಪ್ರಚಾರದ ಸಮಯದಲ್ಲಿ ಲುವೊಡೊಂಗ್ ರೈಲ್ವೆ ಸ್ಟೇಷನ್ ಹೊರಗೆ ಒಬ್ಬ ಅಭ್ಯರ್ಥಿಯ ಕಡೆಯ ಹುಡುಗಿ ನಮ್ಮಿಬ್ಬರ ಕೈಗೂ ಟಿಶ್ಯೂ ಪಾಕೆಟ್ ಇಟ್ಟಳು. ನನಗೆ ವೋಟಿಲ್ಲ ಅಂತ ಹೇಳಿದರೂ ಬಿಡಲಿಲ್ಲ. ಗೆಳೆಯ ಅದನ್ನು ತಿರುಗಿಸಿ ನೋಡಿದ, ಬೆರಳಲ್ಲಿ ಒತ್ತಿ ನೋಡಿದ, ಐದಾರು ಡಾಲರಿನದ್ದು ಅಂದ. ಆಮೇಲೆ ಇನ್ನೊಂದು ಕೊಡಮ್ಮ ಅಂತ ಕೈ ಚಾಚಿದ.